ಪೋರ್ಟಲ್ ರಕ್ತದ ಹರಿವು: ತೂಬು ಕಂಡರು, ಒಳಹರಿವು ಮರೆತರು

ಜಿಲ್ಲಾ ಕೇಂದ್ರದ ಯಾವ ಸ್ಕ್ಯಾನಿಂಗ್ ಸೆಂಟರಿಗೆ ಹೋದರೂ ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಇರುತ್ತದೆ. ಒಳಗಿನ ಅಲ್ಟ್ರಾಸೌಂಡ್ ಯಂತ್ರದಲ್ಲಿ ಈಗ ಬಹುಮಟ್ಟಿಗೆ ರಕ್ತದ ಹರಿವನ್ನು ಅಳೆಯುವ ಡಾಪ್ಲರ್ ಸೌಲಭ್ಯವೂ ಇರುತ್ತದೆ. ಆದರೆ ಲಿವರ್ ಸಿರೋಸಿಸ್ ಆದವರ ಹೊಟ್ಟೆಯ ಸ್ಕ್ಯಾನ್ ವರದಿ ತೆರೆದು ನೋಡಿದರೆ ಪೋರ್ಟಲ್ ರಕ್ತನಾಳಕ್ಕೆ ಸಿಕ್ಕಿರುವುದು ಸಾಮಾನ್ಯವಾಗಿ ಒಂದೇ ಸಾಲು: ನಾಳ ಇಷ್ಟು ಮಿಲಿಮೀಟರ್ ಅಗಲವಿದೆ. ರಕ್ತ ಲಿವರಿನ ಕಡೆಗೆ ಹರಿಯುತ್ತಿದೆಯೋ ಹಿಂದಕ್ಕೆ ಹರಿಯುತ್ತಿದೆಯೋ, ಎಷ್ಟು ವೇಗದಲ್ಲಿ, ಎಲ್ಲಿ ಸೋರಿ ಹೋಗುತ್ತಿದೆ, ಇವು ಯಾವುವೂ ಇರುವುದಿಲ್ಲ. ನೀರುಗಂಟಿ ಕಾಲುವೆಯ ಅಗಲವನ್ನಷ್ಟೇ ಅಳೆದು, ಅದರಲ್ಲಿ ನೀರಿದೆಯೇ ಎಂದು ನೋಡದೆ ಮನೆಗೆ ಮರಳಿದಂತಾಯಿತು.

ಈ ಉದಾಸೀನಕ್ಕೆ ಈಚೆಗೆ ಹೊಸ ಆಸರೆಯೂ ಸಿಕ್ಕಿದೆ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಕೆಲವೇ ನಿಮಿಷಗಳಲ್ಲಿ ಹೇಳುವ ಎಲಾಸ್ಟೋಗ್ರಫಿ ಬಂದ ಮೇಲೆ, ಕಿಲೋಪ್ಯಾಸ್ಕಲ್ ಲೆಕ್ಕದ ಒಂದು ಅಂಕಿಯೇ ರೋಗಿಯ ಜಾತಕ ಎಂಬ ಭಾವನೆ ಹರಡಿದೆ. ಲಿವರ್ ಗಟ್ಟಿಯಾಯಿತು, ರಕ್ತಕ್ಕೆ ದಾರಿ ಕಟ್ಟಿತು, ಒತ್ತಡ ಏರಿತು, ಅನ್ನನಾಳದ ರಕ್ತನಾಳ ಉಬ್ಬಿ ಒಡೆಯಿತು. ಕೇಳಲು ಸರಳವಾದ ಈ ಕಥೆಯಲ್ಲಿ ಸುಳ್ಳಿಲ್ಲ, ಆದರೆ ಅರ್ಧವೇ ಇದೆ. ಉಳಿದರ್ಧ ಹರಿವಿಗೆ ಸೇರಿದ್ದು. ಅದನ್ನು ಅರಿಯಲು ವೈದ್ಯಶಾಸ್ತ್ರಕ್ಕೆ ಒಂದು ಶತಮಾನ ಹಿಡಿಯಿತು. ಅರಿತದ್ದನ್ನು ಬದಿಗೆ ಸರಿಸಲು ಒಂದು ದಶಕ ಸಾಕಾಯಿತು.

ಪೋರ್ಟಲ್ ನಾಳದ ಸ್ವಭಾವವೇ ಬೇರೆ. ಉಳಿದ ಅಭಿಧಮನಿಗಳು ರಕ್ತವನ್ನು ಹೃದಯದ ಕಡೆಗೆ ಒಯ್ದರೆ, ಇದು ಕರುಳು, ಜಠರ, ಗುಲ್ಮ, ಮೇದೋಜೀರಕ ಗ್ರಂಥಿಗಳ ರಕ್ತವನ್ನೆಲ್ಲ ಕೂಡಿಸಿಕೊಂಡು ಇನ್ನೊಂದು ಅಂಗಕ್ಕೆ ಒಪ್ಪಿಸುತ್ತದೆ. ಸುಮಾರು 8 ಸೆಂಟಿಮೀಟರ್ ಉದ್ದದ ಈ ನಾಳದಲ್ಲಿ ಕವಾಟಗಳಿಲ್ಲ. ಹಾಗಾಗಿ ರಕ್ತ ಹಿಂದಕ್ಕೂ ಹರಿಯಬಲ್ಲದು. ಆರೋಗ್ಯವಂತರ ಲಿವರಿಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಬರುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಪೋರ್ಟಲ್ ನಾಳದ್ದು. ಇಷ್ಟು ರಕ್ತ ಹಾದುಹೋದರೂ ಲಿವರಿನ ಆಚೆ ಈಚೆಯ ಒತ್ತಡದ ಅಂತರ 5 ಮಿಲಿಮೀಟರ್ ಪಾದರಸವನ್ನು ದಾಟುವುದಿಲ್ಲ. ಕೆರೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಬು ಸರಾಗವಾಗಿದ್ದರೆ ಮಟ್ಟ ಏರುವುದಿಲ್ಲ. ಏರಿದರೆ ಒಂದೋ ತೂಬು ಕಟ್ಟಿದೆ, ಇಲ್ಲವೇ ಒಳಹರಿವು ಹೆಚ್ಚಿದೆ. ಎರಡೂ ಒಟ್ಟಿಗೆ ಆದಾಗ ಕೆರೆ ಕೋಡಿ ಬೀಳುತ್ತದೆ. ಸಿರೋಸಿಸ್‌ನಲ್ಲಿ ಆಗುವುದು ಎರಡೂ. ಅನ್ನನಾಳದಲ್ಲಿ, ಜಠರದಲ್ಲಿ, ಹೊಕ್ಕುಳ ಸುತ್ತ ಉಬ್ಬಿ ಕಾಣುವ ನಾಳಗಳು ಆ ಕೋಡಿಯ ಕಾಲುವೆಗಳು.

ಆರಂಭದ ಚರಿತ್ರೆಯನ್ನು ಚುಟುಕಾಗಿ ಹೇಳಬಹುದು. ಲಿವರಿನೊಳಗೆ ಪೋರ್ಟಲ್ ನಾಳ ಕವಲೊಡೆಯುವ ಬಗೆಯನ್ನು ಇಂಗ್ಲೆಂಡಿನ ಫ್ರಾನ್ಸಿಸ್ ಗ್ಲಿಸನ್ 1654ರಲ್ಲಿ ವಿವರಿಸಿದ. ಸಿರೋಸಿಸ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿನ ಲೆನೆಕ್, 1819ರಲ್ಲಿ. ಅಂಗದ ಕಂದು ಹಳದಿ ಬಣ್ಣ ನೋಡಿ ಗ್ರೀಕ್ ಪದವೊಂದರಿಂದ ಅದನ್ನು ಕಟ್ಟಿದ. 1877ರಲ್ಲಿ ರಷ್ಯಾದ ನಿಕೊಲಾಯ್ ಎಕ್ ನಾಯಿಗಳಲ್ಲಿ ಪೋರ್ಟಲ್ ನಾಳವನ್ನು ಕೆಳ ಮಹಾಭಿಧಮನಿಗೆ ಜೋಡಿಸಿ ಲಿವರನ್ನು ಬಳಸಿ ಹೋಗುವ ದಾರಿ ಮಾಡಿದ. 1893ರಲ್ಲಿ ಪಾವ್ಲೊವ್ ಮತ್ತು ಸಂಗಡಿಗರು ಅದೇ ಶಸ್ತ್ರಕ್ರಿಯೆ ಮಾಡಿದ ನಾಯಿಗಳಿಗೆ ಮಾಂಸ ತಿನ್ನಿಸಿದಾಗ ಅವು ತೂರಾಡಿದವು, ಕೆರಳಿದವು, ಮಂಪರಿಗೆ ಬಿದ್ದವು. ಕರುಳಿನ ರಕ್ತ ಲಿವರನ್ನು ಮುಟ್ಟದೆ ಮೆದುಳು ತಲುಪಿದರೆ ಏನಾಗುತ್ತದೆ ಎಂಬುದಕ್ಕೆ ಅಂದೇ ಸಾಕ್ಷ್ಯ ಸಿಕ್ಕಿತ್ತು. ಪೋರ್ಟಲ್ ಅಧಿಕ ಒತ್ತಡ ಎಂಬ ಮಾತನ್ನು ಬಳಕೆಗೆ ತಂದವರು ಪ್ಯಾರಿಸಿನ ಜಿಲ್ಬೇರ್ ಮತ್ತು ವಿಲ್ಲಾರೆ, 1906ರಲ್ಲಿ. ಸಿರೋಸಿಸ್ ಆದ ಲಿವರುಗಳಿಗೆ ದ್ರವ ಹಾಯಿಸಿ, ಪೋರ್ಟಲ್ ರಕ್ತದ ಬಹುಪಾಲು ಒಳಗೆ ಕೆಲಸ ಮಾಡದೆ ಬದಿದಾರಿ ಹಿಡಿಯುತ್ತದೆ ಎಂದು 1928ರಲ್ಲಿ ತೋರಿಸಿದವನು ಆರ್ಚಿಬಾಲ್ಡ್ ಮೆಕಿಂಡೊ. ಮುಂದೆ ಯುದ್ಧಕಾಲದ ಪ್ಲಾಸ್ಟಿಕ್ ಸರ್ಜರಿಯಿಂದ ಹೆಸರಾದ ಇವನ ಈ ಕೆಲಸ ನೆನಪಾಗುವುದು ಅಪರೂಪ. ಹರಿವನ್ನು ಹರಿವಾಗಿಯೇ ನೋಡಿದ ಮೊದಲಿಗರಲ್ಲಿ ಅವನೊಬ್ಬ.

ಆಮೇಲಿನ ಮೂವತ್ತು ವರ್ಷ ಶಸ್ತ್ರವೈದ್ಯರದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಪಲ್, ಬ್ಲೇಕ್‌ಮೋರ್, ಲಾರ್ಡ್ ಇವರು 1945ರಲ್ಲಿ ಎಕ್‌ನ ಜೋಡಣೆಯನ್ನು, ಅಂದರೆ ಷಂಟನ್ನು, ಮನುಷ್ಯರ ಚಿಕಿತ್ಸೆಗೆ ತಂದರು. ಒತ್ತಡ ಇಳಿಯಿತು, ರಕ್ತವಾಂತಿ ನಿಂತಿತು. ಆದರೆ 1960ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳು ಸೇರಿ ನಡೆಸಿದ ಹೋಲಿಕೆಯ ಅಧ್ಯಯನಗಳು ಬೇರೆಯೇ ಸತ್ಯ ತೋರಿಸಿದವು: ಮುನ್ನೆಚ್ಚರಿಕೆಗೆಂದು ಷಂಟ್ ಮಾಡಿಸಿಕೊಂಡವರ ಆಯುಷ್ಯ ಹೆಚ್ಚಲಿಲ್ಲ. ರಕ್ತಸ್ರಾವದಿಂದ ಸಾಯುವ ಬದಲು ಲಿವರ್ ಸೋತು ಸತ್ತರು. ಬದುಕಿದವರಲ್ಲಿ ಹಲವರು ಪಾವ್ಲೊವ್‌ನ ನಾಯಿಗಳಂತೆ ಮಂಪರಿಗೆ ಜಾರಿದರು. ಒತ್ತಡ ಇಳಿಸುವುದೇ ಗುರಿಯಾದಾಗ ಲಿವರಿಗೆ ಸಿಗಬೇಕಾದ ರಕ್ತವನ್ನೇ ಕಸಿದುಕೊಳ್ಳುವ ಅಪಾಯವಿದೆ ಎಂಬ ಪಾಠ ಅದು. ಗುಲ್ಮದ ಕಡೆಯ ರಕ್ತವನ್ನು ಮಾತ್ರ ಬೇರೆಡೆಗೆ ಹರಿಸಿ, ಕರುಳಿನ ರಕ್ತವನ್ನು ಲಿವರಿಗೇ ಉಳಿಸುವ ಷಂಟನ್ನು 1967ರಲ್ಲಿ ಡೀನ್ ವಾರೆನ್ ರೂಪಿಸಿದ್ದು ಆ ಪಾಠ ಕಲಿತ ಮೇಲೆಯೇ.

ಹೊಟ್ಟೆ ಕೊಯ್ಯದೆ ಒತ್ತಡ ಅಳೆಯುವ ದಾರಿಯನ್ನು 1951ರಲ್ಲಿ ಮೈಯರ್ಸ್ ಮತ್ತು ಟೇಲರ್ ತೆರೆದರು. ಕತ್ತಿನಿಂದಲೋ ತೋಳಿನಿಂದಲೋ ಇಳಿಸಿದ ಕ್ಯಾಥೆಟರನ್ನು ಲಿವರಿನ ಅಭಿಧಮನಿಯ ತುದಿಯಲ್ಲಿ ಸಿಕ್ಕಿಸಿದರೆ ಆಚೆ ಬದಿಯ ಒತ್ತಡ ತಿಳಿಯುತ್ತದೆ. 1979ರಲ್ಲಿ ರೊಬೆರ್ಟೊ ಗ್ರಾಸ್‌ಮನ್ ತುದಿಗೆ ಬಲೂನು ಕೂಡಿಸಿ ಈ ಅಳತೆಯನ್ನು ಪಳಗಿಸಿದರು. ಲಿವರ್ ತಜ್ಞರೆಲ್ಲರ ಬಾಯಲ್ಲಿರುವ ಎಚ್‌ವಿಪಿಜಿ ಎಂಬ ಅಂತರದ ಲೆಕ್ಕ ಇದು. 10 ಮಿಲಿಮೀಟರ್ ಪಾದರಸ ದಾಟಿದರೆ ತೊಡಕುಗಳ ಕಾಲ ಬಂತು, 12 ದಾಟಿದರೆ ಉಬ್ಬಿದ ನಾಳ ಒಡೆಯಬಹುದು. ಎರಡೂ ಗಡಿಗಳು ಇಂದಿಗೂ ನಿಂತಿವೆ.

ಗ್ರಾಸ್‌ಮನ್ ಅವರನ್ನು ಈ ಗಡಿಗಳಿಗಾಗಿ ಮಾತ್ರ ನೆನೆಯುವುದು ಅನ್ಯಾಯ. ಅವರ ದೊಡ್ಡ ಕೊಡುಗೆ ಒಂದು ಸರಳ ಪ್ರಶ್ನೆ. ಕೋಡಿ ಬಿದ್ದ ಮೇಲೆ ಕೆರೆಯ ಮಟ್ಟ ಇಳಿಯಬೇಕಲ್ಲವೇ? ಸಿರೋಸಿಸ್ ರೋಗಿಗೆ ಅಷ್ಟೊಂದು ಬದಿದಾರಿಗಳು ತೆರೆದುಕೊಂಡ ಮೇಲೂ ಪೋರ್ಟಲ್ ಒತ್ತಡ ಏಕೆ ಇಳಿಯುವುದಿಲ್ಲ? 1980ರ ದಶಕದ ಮೊದಲ ವರ್ಷಗಳಲ್ಲಿ ವೊರೊಬಿಯೊಫ್ ಮತ್ತು ಸಂಗಡಿಗರೊಂದಿಗೆ ಅವರು ಇಲಿಗಳ ಪೋರ್ಟಲ್ ನಾಳವನ್ನು ಭಾಗಶಃ ಬಿಗಿದು ಉತ್ತರ ಹುಡುಕಿದರು. ಬದಿದಾರಿಗಳು ತೆರೆಯುತ್ತಿದ್ದಂತೆ ಕರುಳಿನ ಅಪಧಮನಿಗಳು ಸಡಿಲಗೊಂಡು ಅಲ್ಲಿಗೆ ಹರಿಯುವ ರಕ್ತವೇ ಹೆಚ್ಚಿತು. ಅಂದರೆ ತೂಬು ಕಟ್ಟಿದ್ದರಿಂದ ಆರಂಭವಾದ ಕಾಯಿಲೆ, ಒಳಹರಿವು ಉಕ್ಕಿ ಮುಂದುವರಿಯುತ್ತದೆ. ಅದುವರೆಗೆ ಹಿಂಬದಿಯ ಒತ್ತಡದ ಸಿದ್ಧಾಂತ ಒಂದು ಕಡೆ, ಮುನ್ನುಗ್ಗುವ ಹರಿವಿನ ಸಿದ್ಧಾಂತ ಇನ್ನೊಂದು ಕಡೆ ಎಂದು ನಿಂತಿದ್ದ ಪಂಗಡಗಳನ್ನು ಈ ಕೆಲಸ ಒಂದೇ ಚಿತ್ರದೊಳಗೆ ತಂದಿತು.

ಅದೇ ಕಾಲಕ್ಕೆ ಪ್ಯಾರಿಸ್ ಬಳಿಯ ಕ್ಲಿಶಿಯಲ್ಲಿ, ಬೋಜೋಂ ಆಸ್ಪತ್ರೆಯ ದಿದಿಯೆ ಲೆಬ್ರೆಕ್ ಮತ್ತು ಸಂಗಡಿಗರು ಅಗ್ಗದ ಹೃದಯದ ಮಾತ್ರೆಯೊಂದನ್ನು ಪರೀಕ್ಷೆಗಿಟ್ಟಿದ್ದರು. ಪ್ರೊಪ್ರನೊಲಾಲ್ ಎಂಬ ಆ ಮಾತ್ರೆ ಲಿವರಿನ ಗಾಯಕ್ಕೆ ಏನೂ ಮಾಡುವುದಿಲ್ಲ. ಹೃದಯದ ಓಟವನ್ನೂ ಕರುಳಿಗೆ ಹರಿಯುವ ರಕ್ತವನ್ನೂ ತಗ್ಗಿಸುತ್ತದೆ. 74 ರೋಗಿಗಳ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಮಾತ್ರೆ ನುಂಗಿದವರಲ್ಲಿ 96%ರಷ್ಟು ಜನಕ್ಕೆ ಮತ್ತೆ ರಕ್ತಸ್ರಾವವಾಗಿರಲಿಲ್ಲ. ಹುಸಿಮಾತ್ರೆ ಪಡೆದವರಲ್ಲಿ ಆ ಪ್ರಮಾಣ 50%. ಮುಂದಿನ ಅಧ್ಯಯನಗಳಲ್ಲಿ ಅಂತರ ಇಷ್ಟು ದೊಡ್ಡದಾಗಿ ಉಳಿಯಲಿಲ್ಲ. ಆದರೆ ತೂಬನ್ನು ಮುಟ್ಟದೆ ಒಳಹರಿವನ್ನು ತಗ್ಗಿಸಿದರೂ ರಕ್ತಸ್ರಾವ ತಡೆಯಬಹುದು ಎಂಬ ಮಾತು ಅಲ್ಲಿಗೆ ಖಚಿತವಾಯಿತು. ಸ್ಪೇನಿನಲ್ಲಿ 201 ರೋಗಿಗಳೊಂದಿಗೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಮುಂದೆ ಹೋಯಿತು. ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಪಡೆದವರಲ್ಲಿ 16% ಜನಕ್ಕೆ ಮಾತ್ರ ಹೊಟ್ಟೆಯಲ್ಲಿ ನೀರು, ರಕ್ತಸ್ರಾವ, ಮಂಪರಿನಂಥ ತೊಡಕು ಬಂತು ಅಥವಾ ಸಾವು ಸಂಭವಿಸಿತು. ಪಡೆಯದವರಲ್ಲಿ ಅದು 27%. ಹೆಚ್ಚಿನ ಲಾಭ ಕಂಡದ್ದು ಜಲೋದರ ತಡೆಯುವುದರಲ್ಲಿ.

ಅಪಧಮನಿಗಳು ಸಡಿಲವಾಗುವುದೇಕೆ? ಇದಕ್ಕೆ ನೈಟ್ರಿಕ್ ಆಕ್ಸೈಡ್ ಕಾರಣವಿರಬಹುದೆಂದು ವ್ಯಾಲನ್ಸ್ ಮತ್ತು ಮೊಂಕಾಡಾ 1991ರಲ್ಲಿ ಸೂಚಿಸಿದರು. ಮುಂದೆ ತಿಳಿದ ಸಂಗತಿ ಅಚ್ಚರಿಯದು: ಒಬ್ಬನೇ ರೋಗಿಯ ಕರುಳಿನ ನಾಳಗಳಲ್ಲಿ ಈ ಅನಿಲ ಅತಿಯಾಗಿದ್ದರೆ, ಲಿವರಿನೊಳಗೆ ಅದರದೇ ಬರ. ಗಟ್ಟಿಯಾದ ಲಿವರ್ ಎಂದರೆ ಬರೀ ಕಲ್ಲಲ್ಲ ಎಂಬುದನ್ನು 1985ರಲ್ಲೇ ಮೆಲ್ಬರ್ನಿನಲ್ಲಿ ಭಾತಲ್ ಮತ್ತು ಗ್ರಾಸ್‌ಮನ್ (ಇವರು ಬೇರೆ ಗ್ರಾಸ್‌ಮನ್) ತೋರಿಸಿದ್ದರು. ಸಿರೋಸಿಸ್ ಆದ ಇಲಿಯ ಲಿವರನ್ನು ಹೊರತೆಗೆದು ನಾಳ ಸಡಿಲಿಸುವ ಔಷಧ ಹಾಯಿಸಿದಾಗ ತಡೆಯ ಒಂದು ಪಾಲು ಇಳಿಯಿತು. ಗಾಯದ ಪದರು ಹಾಕಿದ ತಡೆ ಒಂದಾದರೆ, ಕುಗ್ಗಿಕೊಂಡ ಕೋಶಗಳು ಹಾಕಿದ ತಡೆ ಇನ್ನೊಂದು. ಎರಡನೆಯದು ಗಂಟೆಗಂಟೆಗೆ ಬದಲಾಗಬಲ್ಲದು. ಲಿವರಿನ ಗಡಸುತನ ಅಳೆದ ಮಾತ್ರಕ್ಕೆ ಈ ಚಲನೆ ಕಾಣುವುದಿಲ್ಲ.

ಜಲೋದರ, ಮೂತ್ರಪಿಂಡದ ಸೋಲು ಇವೂ ಇದೇ ಹರಿವಿನ ಮಕ್ಕಳು. ಕರುಳಿನ ನಾಳಗಳಲ್ಲಿ ರಕ್ತ ತಂಗಿದಾಗ ಉಳಿದ ದೇಹಕ್ಕೆ ರಕ್ತ ಸಾಲದೆನಿಸುತ್ತದೆ, ಮೂತ್ರಪಿಂಡ ಉಪ್ಪು ನೀರು ಹಿಡಿದಿಡುತ್ತದೆ. ರಾಬರ್ಟ್ ಶ್ರೈಯರ್ 1988ರಲ್ಲಿ ಮಂಡಿಸಿದ ಈ ವಿವರಣೆ, ಹೊಟ್ಟೆ ಉಬ್ಬಿದ ಮನುಷ್ಯನ ಕೈಕಾಲು ಸೊರಗಿ ಮೂತ್ರ ಇಳಿಮುಖವಾಗುವ ವಿಪರ್ಯಾಸವನ್ನು ಬಿಡಿಸಿತು.

ಇನ್ನು ಡಾಪ್ಲರ್. ಈ ಅಧ್ಯಾಯಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ, ಆದ್ದರಿಂದ ಇಲ್ಲಿ ತುಸು ನಿಲ್ಲಬೇಕು.

ಬೊಲೊನ್ಯಾದಲ್ಲಿ ಲುಯಿಜಿ ಬೊಲೊಂಡಿ ಅವರ ಗುಂಪು 1982ರಲ್ಲೇ ಒಂದು ಸೂಕ್ಷ್ಮವನ್ನು ಗುರುತಿಸಿತ್ತು. ಆರೋಗ್ಯವಂತರು ಉಸಿರೆಳೆದಾಗ ಗುಲ್ಮದ ಮತ್ತು ಕರುಳಿನ ಅಭಿಧಮನಿಗಳು ಹಿಗ್ಗುತ್ತವೆ, ಬಿಟ್ಟಾಗ ಕುಗ್ಗುತ್ತವೆ. ಪೋರ್ಟಲ್ ಒತ್ತಡ ಏರಿದವರಲ್ಲಿ ಈ ಏರಿಳಿತ ಅಡಗುತ್ತದೆ. ಬರಿಯ ಅಲ್ಟ್ರಾಸೌಂಡ್, ರೋಗಿಯ ಉಸಿರು, ನೋಡುವ ಕಣ್ಣು ಇಷ್ಟೇ ಬಂಡವಾಳ. 1986ರಲ್ಲಿ ಜಪಾನಿನ ಮೊರಿಯಾಸು ನಾಳದ ಅಡ್ಡಕೊಯ್ತದ ವಿಸ್ತೀರ್ಣವನ್ನು ರಕ್ತದ ವೇಗದಿಂದ ಭಾಗಿಸಿ ದಟ್ಟಣೆಯ ಸೂಚ್ಯಂಕ ಕಟ್ಟಿದರು. ನಾಳ ಹಿಗ್ಗಿ ವೇಗ ಕುಗ್ಗಿದಾಗ ಎರಡೂ ಸೇರಿ ಅಂಕಿ ಎತ್ತರಕ್ಕೆ ಹೋಗುತ್ತದೆ. ಅಗಲವನ್ನೊಂದೇ ಅಳೆಯುವುದಕ್ಕಿಂತ ಇದು ಎಷ್ಟೋ ಮೇಲು. 1992ರಲ್ಲಿ ಬೊಲೊನ್ಯಾದ ತ್ಸಿರೋನಿ ಸರಾಸರಿ ವೇಗ ಸೆಕೆಂಡಿಗೆ 15 ಸೆಂಟಿಮೀಟರಿಗಿಂತ ಕೆಳಗಿಳಿದರೆ ಪೋರ್ಟಲ್ ಒತ್ತಡ ಏರಿದೆ ಎನ್ನಬಹುದೆಂದು ಗಡಿ ಹಾಕಿದರು. ಕೆಲವು ರೋಗಿಗಳಲ್ಲಿ ಹರಿವು ಪೂರ್ತಿ ತಿರುಗಿ, ರಕ್ತ ಲಿವರಿನಿಂದ ಹೊರಗೆ ಹರಿಯುವುದೂ ಡಾಪ್ಲರಿನ ನೀಲಿ ಕೆಂಪಿನಲ್ಲಿ ಕಂಡಿತು. ಅಂಥವರ ಲಿವರ್ ಬದುಕುವುದು ಅಪಧಮನಿಯ ರಕ್ತದಿಂದ. ಪೋರ್ಟಲ್ ಹರಿವು ತಗ್ಗಿದಾಗ ಅಪಧಮನಿ ತಾನಾಗಿ ಹಿಗ್ಗುವ ಈ ಹೊಂದಾಣಿಕೆಗೆ 1981ರಲ್ಲಿ ವೇಯ್ನ್ ಲಾಟ್ ಹೆಸರಿಟ್ಟರು. ಹರಿವು ತೊಳೆದುಕೊಂಡು ಹೋಗಬೇಕಿದ್ದ ಅಡೆನೊಸಿನ್ ಅಲ್ಲೇ ಉಳಿದು ಅಪಧಮನಿಯನ್ನು ಸಡಿಲಿಸುತ್ತದೆ ಎಂಬುದು ಅವರ ವಿವರಣೆ.

ಡಾಪ್ಲರ್ ಮೇಲಿನ ಆಕ್ಷೇಪವೂ ಹಳೆಯದೇ: ನೋಡುವವರು ಬದಲಾದರೆ ಅಂಕಿ ಬದಲಾಗುತ್ತದೆ. ಇದು ನಿಜ. ಊಟ ಮಾಡಿ ಬಂದವರಲ್ಲಿ ಹರಿವು ಏರಿರುತ್ತದೆ. ಧ್ವನಿಯ ಕೋನ 60 ಡಿಗ್ರಿ ದಾಟಿದರೆ ವೇಗದ ಲೆಕ್ಕ ಕೆಡುತ್ತದೆ. ಇನ್ನೊಂದು ಮೋಸ ಇದಕ್ಕಿಂತ ಆಳದ್ದು. ಹುಟ್ಟಿದ ಮೇಲೆ ಮುಚ್ಚಿಹೋಗುವ ಹೊಕ್ಕುಳ ದಾರಿಯ ನಾಳಗಳು ಸಿರೋಸಿಸ್‌ನಲ್ಲಿ ಮತ್ತೆ ತೆರೆದರೆ, ರಕ್ತ ಮುಖ್ಯ ಪೋರ್ಟಲ್ ನಾಳದಲ್ಲಿ ರಭಸವಾಗಿಯೇ ಹರಿದು ಎಡ ಕವಲಿನಿಂದ ಹೊರಗೆ ಹೋಗುತ್ತದೆ. ಮುಖ್ಯ ನಾಳದ ವೇಗ ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಬಲ ಕವಲನ್ನು ನೋಡಿದವರಿಗೆ ಮಾತ್ರ ಲಿವರ್ ಒಣಗುತ್ತಿರುವುದು ಗೊತ್ತಾಗುತ್ತದೆ. ಆದರೆ ಈ ದೋಷಗಳಿಗೆ ಮದ್ದಿಲ್ಲದೆ ಇಲ್ಲ. ಇಟಲಿಯ ಕಾರ್ಲೊ ಸಬ್ಬಾ ಮತ್ತು ಸಂಗಡಿಗರು 1990ರ ದಶಕದಲ್ಲಿ ಬೇರೆ ಬೇರೆ ಕೇಂದ್ರಗಳ ಪರೀಕ್ಷಕರನ್ನು ಒಟ್ಟಿಗೆ ಕೂರಿಸಿ ತರಬೇತಿ ಕೊಟ್ಟಾಗ ಅಂಕಿಗಳ ವ್ಯತ್ಯಾಸ ಇಳಿಯಿತು. ಕ್ಷೇತ್ರ ಆ ತರಬೇತಿಯ ದಾರಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ.

ನಿಧಾನಗೊಂಡ ಹರಿವಿನ ಬೆಲೆ ಎಷ್ಟೆಂಬುದು ಮತ್ತೆ ಮುನ್ನೆಲೆಗೆ ಬಂದದ್ದು ಹೆಪ್ಪಿನ ವಿಚಾರದಲ್ಲಿ. ಸಿರೋಸಿಸ್ ರೋಗಿಯಲ್ಲಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಏರಿರುತ್ತದೆ, ಪ್ಲೇಟ್‌ಲೆಟ್ ಇಳಿದಿರುತ್ತದೆ. ಹಾಗಾಗಿ ಅವನ ರಕ್ತ ತೆಳುವಾಗಿದೆ, ಹೆಪ್ಪುಗಟ್ಟುವುದಿಲ್ಲ ಎಂದು ತಲೆಮಾರುಗಳ ವೈದ್ಯರು ನಂಬಿದ್ದರು. ಮಿಲಾನಿನ ತ್ರಿಪೋದಿ ಮತ್ತು ಮನ್ನೂಚಿ ಈ ನಂಬಿಕೆಯನ್ನು ಅಲುಗಿಸಿದರು. ಹೆಪ್ಪುಗಟ್ಟಿಸುವ ಅಂಶಗಳ ಜೊತೆಗೇ ಹೆಪ್ಪು ತಡೆಯುವ ಅಂಶಗಳೂ ಕುಸಿದಿರುತ್ತವೆ, ತಕ್ಕಡಿ ಎರಡೂ ಕಡೆ ಇಳಿದು ಸಮವಾಗಿಯೇ ಇರುತ್ತದೆ, ಐಎನ್‌ಆರ್ ಒಂದೇ ತಟ್ಟೆಯನ್ನು ತೂಗುತ್ತದೆ ಎಂದರು. ಸಮವಾದ ತಕ್ಕಡಿ ವಾಲಲು ಹರಿವು ನಿಂತರೆ ಸಾಕು. ವೇಗ ಸೆಕೆಂಡಿಗೆ 15 ಸೆಂಟಿಮೀಟರಿಗಿಂತ ಕೆಳಗಿದ್ದವರಲ್ಲಿ ಪೋರ್ಟಲ್ ನಾಳ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು ಎಂದು 2009ರಲ್ಲಿ ರೋಮಿನ ಜೊಕ್ಕೊ ಮತ್ತು ಸಂಗಡಿಗರು ವರದಿ ಮಾಡಿದರು. ಬೊಲೊನ್ಯಾದ ಹಳೆಯ ಗಡಿ ಹದಿನೇಳು ವರ್ಷಗಳ ಮೇಲೆ ಬೇರೆ ಬಾಗಿಲಿನಿಂದ ಮರಳಿ ಬಂದಿತ್ತು.

ಮುಂದಿನದು ವಾದಗ್ರಸ್ತ. 2012ರಲ್ಲಿ ಮೊದೆನಾದ ಎರಿಕಾ ವಿಲ್ಲಾ ಮತ್ತು ಸಂಗಡಿಗರು 70 ರೋಗಿಗಳ ಅಧ್ಯಯನದಲ್ಲಿ, ಒಂದು ವರ್ಷ ದಿನಾ ಹೆಪ್ಪು ತಡೆಯುವ ಎನಾಕ್ಸಪ್ಯಾರಿನ್ ಚುಚ್ಚಿಕೊಂಡವರಲ್ಲಿ ಪೋರ್ಟಲ್ ಹೆಪ್ಪೂ ಕಡಿಮೆ, ಜಲೋದರದಂಥ ತೊಡಕುಗಳೂ ಕಡಿಮೆ ಎಂದು ತೋರಿಸಿದರು. 2015ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂನ 1243 ರೋಗಿಗಳನ್ನು ಹಿಂಬಾಲಿಸಿದ ನೆರಿ ಮತ್ತು ಸಂಗಡಿಗರು, ಐದು ವರ್ಷದಲ್ಲಿ ಸುಮಾರು 11% ಜನಕ್ಕೆ ಹೆಪ್ಪು ಬಂದರೂ ಕಾಯಿಲೆ ಬಿಗಡಾಯಿಸಲು ಅದು ಕಾರಣವೆಂದು ಹೇಳಲಾಗದು ಎಂದರು. ಹೆಚ್ಚಿನ ಹೆಪ್ಪುಗಳು ಅರೆಬರೆಯವು, ತಾವಾಗಿ ಕರಗಿದವೂ ಇದ್ದವು. ಎರಡರಲ್ಲಿ ಒಂದು ತಪ್ಪೆಂದು ತೀರ್ಮಾನಿಸುವವರಿಗೆ ಅವಸರ ಹೆಚ್ಚು. ವಿಲ್ಲಾ ಅವರ ಚುಚ್ಚುಮದ್ದು ದೊಡ್ಡ ನಾಳದ ಹೆಪ್ಪನ್ನು ಮಾತ್ರವಲ್ಲ, ಲಿವರಿನೊಳಗಿನ ಕೂದಲೆಳೆಯಂಥ ನಾಳಗಳ ಹೆಪ್ಪನ್ನೂ ತಡೆದಿರಬಹುದು. ಆ ನಾಳಗಳೇ ತೂಬು.

ತೂಬನ್ನೇ ತೆರೆಯುವ ಕೆಲಸದ ಕಥೆಯೂ ಇದರ ಪಕ್ಕದಲ್ಲೇ ನಡೆದಿದೆ. 1969ರಲ್ಲಿ ಯೋಸೆಫ್ ರೋಶ್ ನಾಯಿಗಳಲ್ಲಿ ಕತ್ತಿನ ನಾಳದಿಂದ ಇಳಿದು ಲಿವರಿನೊಳಗೇ ದಾರಿ ಕೊರೆದರು. 1988ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಲೋಹದ ಸ್ಟೆಂಟ್ ಇಟ್ಟು ಆ ದಾರಿಯನ್ನು ಮನುಷ್ಯರಲ್ಲಿ ತೆರೆದಿಡಲಾಯಿತು. ಟಿಪ್ಸ್ ಎಂದು ಕರೆಯುವ ಈ ವಿಧಾನವನ್ನು ರಕ್ತವಾಂತಿಯಾದ ಮೂರು ದಿನದೊಳಗೆ ಮಾಡಿದರೆ ಅಪಾಯ ಹೆಚ್ಚಿರುವವರ ಒಂದು ವರ್ಷದ ಬದುಕುಳಿಯುವಿಕೆ 61%ರಿಂದ 86%ಕ್ಕೆ ಏರುತ್ತದೆ ಎಂದು ಬಾರ್ಸೆಲೋನಾದ ಗಾರ್ಸಿಯಾ-ಪಗಾನ್ ನೇತೃತ್ವದ 63 ರೋಗಿಗಳ ಅಧ್ಯಯನ 2010ರಲ್ಲಿ ಹೇಳಿತು. ಎಕ್‌ನ ಹಳೆಯ ಅಪಾಯ, ಅಂದರೆ ಮಂಪರು, ಇಲ್ಲೂ ಬೆನ್ನು ಬಿಟ್ಟಿಲ್ಲ.

ಭಾರತದ ಮಾತಿಗೆ ಬಂದರೆ ಹರಿವಿನ ವಾದ ಇನ್ನೂ ಬಲವಾಗುತ್ತದೆ. ಇಲ್ಲಿ ರಕ್ತವಾಂತಿ ಮಾಡಿಕೊಂಡು ಬರುವವರಲ್ಲಿ ಲಿವರ್ ಹೆಚ್ಚುಕಡಿಮೆ ಚೆನ್ನಾಗಿಯೇ ಇರುವ ಒಂದು ವರ್ಗವಿದೆ. ಒಂದು, ಮಗುವಾಗಿದ್ದಾಗಲೇ ಪೋರ್ಟಲ್ ನಾಳ ಹೆಪ್ಪುಗಟ್ಟಿ, ಅದರ ಜಾಗದಲ್ಲಿ ಎಳೆ ನಾಳಗಳ ಜಾಲ ಬೆಳೆದ ಸ್ಥಿತಿ. ಇನ್ನೊಂದು, ಪೋರ್ಟಲ್ ನಾಳದ ಸಣ್ಣ ಕವಲುಗಳು ಗಟ್ಟಿಯಾಗುವ ಕಾಯಿಲೆ. 1960ರ ದಶಕದಲ್ಲಿ ಕೊಲ್ಕತ್ತಾದ ಬಸು, ಸೆನ್‌ಗುಪ್ತ, ಅವರೊಡನೆ ಕೆಲಸ ಮಾಡಿದ ಬಾಯರ್ ಇದನ್ನು ವಿವರವಾಗಿ ಬರೆದರು. 1969ರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯಾಗಾರದಲ್ಲಿ ಸಿರೋಸಿಸ್ ಅಲ್ಲದ ಪೋರ್ಟಲ್ ಫೈಬ್ರೋಸಿಸ್ ಎಂಬ ಹೆಸರು ನೆಲೆಗೊಂಡಿತು. ಈ ಎರಡರಲ್ಲೂ ತಡೆ ಇರುವುದು ಲಿವರಿನ ಸೂಕ್ಷ್ಮನಾಳಗಳಿಗಿಂತ ಮುಂಚೆಯೇ. ಹಾಗಾಗಿ ಹಿಂಬದಿಯಿಂದ ಅಳೆಯುವ ಎಚ್‌ವಿಪಿಜಿ ಸಹಜವಾಗಿಯೋ ಅಲ್ಪಸ್ವಲ್ಪ ಏರಿಯೋ ಬರುತ್ತದೆ; ಲಿವರ್ ಕೂಡ ಅಷ್ಟೇನೂ ಗಟ್ಟಿಯಾಗಿ ಕಾಣುವುದಿಲ್ಲ. ಜಗತ್ತಿನ ಚಿನ್ನದ ಅಳತೆಗೋಲೂ ಹೊಸ ಫ್ಯಾಷನ್ನೂ ಎರಡೂ ತಪ್ಪುವ ಜಾಗದಲ್ಲಿ ದಾರಿ ತೋರಿಸುವುದು ಡಾಪ್ಲರ್. ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯಲ್ಲಿ ಶಿವ್ ಸರೀನ್ ಮತ್ತು ಸಂಗಡಿಗರು 568 ರೋಗಿಗಳನ್ನು ಪರಿಶೀಲಿಸಿ 1992ರಲ್ಲಿ ಮಾಡಿದ ಜಠರದ ಉಬ್ಬುನಾಳಗಳ ವರ್ಗೀಕರಣವನ್ನು ಇಂದು ಹಲವು ದೇಶಗಳ ಎಂಡೋಸ್ಕೋಪಿ ಕೊಠಡಿಗಳಲ್ಲಿ ಬಳಸುತ್ತಾರೆ. ಕೋಡಿಯ ಕಾಲುವೆಗಳ ನಕ್ಷೆ ಇಲ್ಲಿಂದ ಹೋಯಿತು. ಕಾಲುವೆಯೊಳಗಿನ ಹರಿವಿನ ಲೆಕ್ಕ ಮಾತ್ರ ಅದೇ ಶ್ರದ್ಧೆಯಿಂದ ಮುಂದುವರಿಯಲಿಲ್ಲ.

ಎಲಾಸ್ಟೋಗ್ರಫಿಯನ್ನು ಹಳಿಯಬೇಕಿಲ್ಲ. ಗಡಸುತನ 20 ಕಿಲೋಪ್ಯಾಸ್ಕಲಿಗಿಂತ ಕಡಿಮೆ, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಇದ್ದವರಿಗೆ ಎಂಡೋಸ್ಕೋಪಿ ಬೇಡ ಎಂಬ 2015ರ ಬವೇನೊ ತಜ್ಞರ ಸಭೆಯ ಸಲಹೆ ಎಷ್ಟೋ ಜನರನ್ನು ಅನಗತ್ಯ ಪರೀಕ್ಷೆಯಿಂದ ಉಳಿಸಿದೆ. ಆದರೆ ಜಲೋದರ ಬಂದ ಮೇಲೆ, ಹೆಪ್ಪಿನ ಭಯ ಹುಟ್ಟಿದ ಮೇಲೆ, ಕಾರಣವಿಲ್ಲದ ಮಂಪರು ಮರುಕಳಿಸುವಾಗ ಅದು ಹೇಳುವುದು ಸ್ವಲ್ಪ. ಆಗ ಬೇಕಾದ್ದು ದಿಕ್ಕು, ವೇಗ, ಬದಿದಾರಿ.

ಸಿರೋಸಿಸ್ ಇರುವ ಪ್ರತಿಯೊಬ್ಬರಿಗೂ ಲಿವರ್ ಕ್ಯಾನ್ಸರಿನ ತಪಾಸಣೆಗೆಂದು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಬೇಕೆಂಬ ನಿಯಮ ಈಗಾಗಲೇ ಇದೆ. ರೋಗಿ ಖಾಲಿ ಹೊಟ್ಟೆಯಲ್ಲೇ ಬಂದಿರುತ್ತಾರೆ, ಪ್ರೋಬ್ ಪಕ್ಕೆಲುಬಿನ ಕೆಳಗೇ ಇರುತ್ತದೆ. ಮುಖ್ಯ ನಾಳದಲ್ಲೂ ಬಲ ಕವಲಿನಲ್ಲೂ ವೇಗ ಅಳೆದು, ಹರಿವಿನ ದಿಕ್ಕು ಬರೆದು, ಹೊಕ್ಕುಳ ದಾರಿಯ ನಾಳ ತೆರೆದಿದೆಯೇ, ಗುಲ್ಮದಿಂದ ಮೂತ್ರಪಿಂಡದ ಕಡೆಗೆ ರಕ್ತ ಸೋರುತ್ತಿದೆಯೇ ಎಂದು ನೋಡಲು ಹಿಡಿಯುವುದು ಇನ್ನು ಕೆಲವು ನಿಮಿಷ. ನೋಡುವವರೋ ಯಂತ್ರವೋ ಬದಲಾದರೆ ಅಂಕಿ ಬದಲಾಗುತ್ತದೆ ಎಂಬ ಆಕ್ಷೇಪಕ್ಕೂ ಅಲ್ಲೇ ಉತ್ತರವಿದೆ: ಅದೇ ರೋಗಿಯನ್ನು ಅದೇ ಯಂತ್ರದಲ್ಲಿ ಅದೇ ಕೈ ನೋಡಿ, ಕಳೆದ ಬಾರಿಯ ಅಂಕಿಯ ಪಕ್ಕದಲ್ಲಿ ಈ ಬಾರಿಯದನ್ನು ಬರೆಯುವುದು. ಕಳೆದ ಸಲ 18 ಇದ್ದ ವೇಗ ಈ ಸಲ 11ಕ್ಕೆ ಇಳಿದಿದ್ದರೆ, ಮುಂದಿನ ಸ್ಕ್ಯಾನಿಗೆ ಆರು ತಿಂಗಳು ಕಾಯಬಾರದೆಂದು ವೈದ್ಯರಿಗೆ ಆ ಎರಡು ಅಂಕಿಗಳೇ ಹೇಳುತ್ತವೆ.